ಉಭಯಲೋಕಾಧೀಶ್ವರ ಧೋಂಡಿಯಾ ವಾಘ: ಒಬ್ಬ ಭಾಡಿಗೆ ಸವಾರ, ಒಂದು ಶ್ರೀಮಂತ ಕಂಪನಿ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಂಘದ ಏಳ್ಗೆ, ಪತ್ತಿನ ವ್ಯವಹಾರ, ಬೀಜ ಗೊಬ್ಬರದ ಲೆಕ್ಕ ಇವೆಲ್ಲ ಬೇರೆ ಪುಟಗಳಲ್ಲಿ ಬಂದೇ ಬರುತ್ತವೆ. ನಾವು ಇಲ್ಲಿ ಹೇಳಹೊರಟಿದ್ದು ಒಬ್ಬ ಕುದುರೆ ಸವಾರನ ಜೀವನ ಕಥೆಯನ್ನು. ಅವನ ಹೆಸರು ಧೋಂಡಿಯಾ ವಾಘ. ಧಾರವಾಡ, ಗದಗ, ಸವಣೂರು ಕಡೆ ಈ ಹೆಸರು ಇನ್ನೂ ಅಷ್ಟಿಷ್ಟು ಬಾಯಲ್ಲಿದೆ. ನಮ್ಮ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಮಂದಿ ಅವನನ್ನು ಮರೆತಂತೆಯೇ ಸರಿ. ಆದರೆ ಅವನು ಓಡಾಡಿದ ನೆಲ ನಮಗೇನು ದೂರದ್ದಲ್ಲ. ಕೃಷ್ಣಾ ಹೊಳಿ ದಾಟಿ ದಕ್ಷಿಣಕ್ಕೆ ನಡೆದರೆ ಮಲಪ್ರಭಾ ದಂಡೆ, ಬಾದಾಮಿ ಸೀಮೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಗುವ ತನಕ ಅದು ನಮ್ಮ ಜಿಲ್ಲೆಯೇ ಆಗಿತ್ತು.

ಸಹಕಾರಿ ಸಂಘದ ಪುಸ್ತಕದಲ್ಲಿ ಈ ದಂಡು ದಾಳಿಯ ಕಥೆ ಯಾಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಧೋಂಡಿಯಾ ಕಡೆಗೆ ಸೆಣಸಬೇಕಾಗಿ ಬಂದದ್ದು ಯಾವ ರಾಜನ ಜೋಡಿಯೂ ಅಲ್ಲ, ಒಂದು ವ್ಯಾಪಾರಿ ಕಂಪನಿಯ ಜೋಡಿ. ಶೇರು ಇದ್ದ, ಲಾಭಾಂಶ ಹಂಚುತ್ತಿದ್ದ, ಸಾಲ ತೆಗೆದು ಬಡ್ಡಿ ಕಟ್ಟುತ್ತಿದ್ದ, ವರ್ಷ ವರ್ಷ ಜಮಾಖರ್ಚು ಬರೆಯುತ್ತಿದ್ದ ಕಂಪನಿ ಅದು. ಕೀರ್ದಿ ಖಾತೆ ಬಲ್ಲವರಿಗೆ ಈ ಕಥೆಯ ಒಳಗುಟ್ಟು ಬೇರೆಯವರಿಗಿಂತ ಬೇಗ ತಿಳಿಯುತ್ತದೆ ಎಂದು ನಾವು ನಂಬಿದ್ದೇವೆ.

ಧೋಂಡಿಯಾ ಹುಟ್ಟಿದ್ದು ಚನ್ನಗಿರಿಯಲ್ಲಿ. ಆ ಊರು ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ. ಮರಾಠರ ಪವಾರ ಮನೆತನ. ವಾಘ ಅಂದರೆ ಮರಾಠಿಯಲ್ಲಿ ಹುಲಿ. ಮೈಸೂರು ಹುಲಿ ಎನಿಸಿಕೊಂಡ ಟಿಪ್ಪುವಿನ ಸೆರೆಮನೆಯಲ್ಲಿ ಈ ಹುಲಿ ಐದು ವರ್ಷ ಬಿದ್ದಿರಬೇಕಾಯಿತು, ಆ ಮಾತು ಮುಂದೆ ಬರುತ್ತದೆ. ಹರೆಯದಲ್ಲಿ ಅವನು ಹೈದರ ಅಲಿಯ ಕುದುರೆ ದಂಡಿನಲ್ಲಿ ಸಾದಾ ಸವಾರನಾಗಿ ಸೇರಿದ. ಹೈದರ ತೀರಿದ ಮೇಲೆ ಟಿಪ್ಪುವಿನ ಕೈಕೆಳಗೆ ಅದೇ ಚಾಕರಿ.

ಆಗಿನ ಕಾಲದ ಸವಾರನ ಬದುಕು ಹೇಗಿತ್ತು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಸವಾರರಲ್ಲಿ ಎರಡು ತರಹ. ಸರಕಾರದ ಕುದುರೆ ಹತ್ತಿ ಪಗಾರ ತಿನ್ನುವವನು ಬಾರಗೀರ. ಸ್ವಂತ ಕುದುರೆ, ಸ್ವಂತ ಹತಾರು ತಂದು ದುಡಿಯುವವನು ಶಿಲೇದಾರ. ಶಿಲೇದಾರನಿಗೆ ಮಾನ ಹೆಚ್ಚು, ಪಗಾರವೂ ಹೆಚ್ಚು. ಆದರೆ ಅವನ ಬಂಡವಾಳ ಅಂದರೆ ಆ ಕುದುರೆ ಒಂದೇ. ಕುದುರೆ ಸತ್ತರೆ ಒಕ್ಕಲಿಗನ ಎತ್ತು ಸತ್ತ ಹಾಗೆ, ಮನೆತನವೇ ಕುಂತುಬಿಡುತ್ತಿತ್ತು. ಪಗಾರ ಹೊತ್ತಿಗೆ ಸರಿಯಾಗಿ ಬರುವುದು ಅಪರೂಪ. ಆರು ತಿಂಗಳು, ವರ್ಷ ಬಾಕಿ ನಿಲ್ಲುವುದು ರೂಢಿ. ಬಾಕಿ ನಿಂತಾಗ ಸವಾರ ಹೊಟ್ಟೆ ಹೊರೆಯುತ್ತಿದ್ದದ್ದು ದಾರಿಯ ಊರುಗಳ ಕಣಜದಿಂದ. 1686ರಲ್ಲಿ ಆದಿಲಶಾಹಿ ಬಿದ್ದ ಮೇಲೆ ನಮ್ಮ ಸೀಮೆಯೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತ, 1760ರಲ್ಲಿ ನಿಜಾಮನಿಂದ ಪೇಶ್ವೆಗೆ ಬಂತು. ಆ ಅವಧಿಯಲ್ಲಿ ಕುದುರೆ ಹತ್ತಿದವನು ಇಂದು ಒಬ್ಬರ ದಂಡಿನಲ್ಲಿ, ನಾಳೆ ಎದುರಾಳಿ ದಂಡಿನಲ್ಲಿ. ಅದನ್ನು ಯಾರೂ ದ್ರೋಹ ಎನ್ನುತ್ತಿರಲಿಲ್ಲ. ಅನ್ನ ಕೊಟ್ಟವನೇ ಧಣಿ.

1791 ಮತ್ತು 1792ನೇ ಇಸವಿಗಳು ನಮ್ಮ ಭಾಗಕ್ಕೆ ಬಹಳ ಕೆಟ್ಟವು. ಮಳೆ ಹೋಯಿತು, ಅದರ ಮೇಲೆ ದಂಡುಗಳ ತುಳಿತ. ಹೂಳುವವರಿಲ್ಲದೆ ಹೊಲ ದಾರಿಗಳಲ್ಲಿ ತಲೆಬುರುಡೆ ಬಿದ್ದಿದ್ದವೆಂದು ಆ ಬರಕ್ಕೆ ಬುರುಡೆಯ ಹೆಸರೇ ಬಂತು. ಅದೇ ಹೊತ್ತಿಗೆ ಕಂಪನಿ, ಪೇಶ್ವೆ, ನಿಜಾಮ ಮೂವರೂ ಕೂಡಿ ಟಿಪ್ಪುವಿನ ಮೇಲೆ ಏರಿ ಹೋಗಿದ್ದರು. ಟಿಪ್ಪುವಿನ ಸ್ಥಿತಿ ಇಳಿಮುಖವಾದದ್ದನ್ನು ಕಂಡ ಧೋಂಡಿಯಾ ಒಂದಿಷ್ಟು ಸವಾರರನ್ನು ಕಟ್ಟಿಕೊಂಡು, ಸಿಕ್ಕಷ್ಟು ದೋಚಿಕೊಂಡು, ಉತ್ತರಕ್ಕೆ ಸರಿದ. ಲಕ್ಷ್ಮೇಶ್ವರದ ದೇಸಾಯಿ ಅವನಿಗೆ ಆಸರೆ ಕೊಟ್ಟ. ಅಲ್ಲಿಂದ ಅವನ ಸ್ವಂತ ದಂಧೆ ಶುರುವಾಯಿತು. ಹಾವೇರಿ, ಸವಣೂರು ಅವನ ಕೈಗೆ ಬಿದ್ದವು. ಉಣ್ಣಲಿಕ್ಕಿಲ್ಲದ ಹುಡುಗರು ಅವನ ಬೆನ್ನು ಹತ್ತಿದರು. ಬರಗಾಲದಲ್ಲಿ ದುಡಿಯಲು ಹೊಲವಿಲ್ಲ, ಕೊಡುವ ಸಾಹುಕಾರನಿಲ್ಲ. ಕುದುರೆ ಇದ್ದವನ ಹಿಂದೆ ಹೋದರೆ ಒಂದು ಹೊತ್ತಿನ ರೊಟ್ಟಿಯಾದರೂ ಸಿಕ್ಕೀತು. ಇದನ್ನು ಹೇಳುವುದು ಅವನ ಲೂಟಿಯನ್ನು ಸರಿ ಎನ್ನಲು ಅಲ್ಲ. ಅವನ ಹಿಂದೆ ಬಂದವರೆಲ್ಲ ಹುಟ್ಟಾ ದರೋಡೆಕೋರರು ಅಂತ ಬರೆದವರಿಗೆ ಆ ಬರದ ನೆನಪು ಇದ್ದಂತಿಲ್ಲ, ಅಷ್ಟೇ.

ಪೇಶ್ವೆಯ ಕಡೆಯಿಂದ ಅವನನ್ನು ಹತ್ತಿಕ್ಕಲು ಬಂದವನು ಧೋಂಡೋಪಂತ ಗೋಖಲೆ. ಇಬ್ಬರ ಹೆಸರೂ ಧೋಂಡೋ, ಇಬ್ಬರ ಹಗೆಯೂ ಜೀವ ಇರುವ ತನಕದ್ದು. 1794ರಲ್ಲಿ ಗೋಖಲೆ ಹೊಡೆದ ಹೊಡೆತಕ್ಕೆ ಧೋಂಡಿಯಾನ ದಂಡು ಚದುರಿತು. ಸುಮಾರು 200 ಸವಾರರೊಡನೆ ಅವನು ಮತ್ತೆ ಟಿಪ್ಪುವಿನ ಸೀಮೆಗೇ ಹೋಗಿ ನಿಂತ. ಟಿಪ್ಪು ಮೊದಲು ಆದರದಿಂದ ಕರೆಸಿಕೊಂಡ, ಆಮೇಲೆ ನಂಬಿಕೆ ಉಳಿಯಲಿಲ್ಲ. ಅವನನ್ನು ಇಸ್ಲಾಂಗೆ ಸೇರಿಸಿ ಮಲಿಕ್ ಜಹಾನ್ ಖಾನ್ ಎಂದು ಹೆಸರಿಟ್ಟು, ಶ್ರೀರಂಗಪಟ್ಟಣದ ಕೋಟೆಯಲ್ಲಿ ಬೇಡಿ ಹಾಕಿಸಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಆ ಗದ್ದಲದಲ್ಲಿ ಸೆರೆಮನೆಯ ಬಾಗಿಲು ತೆರೆಯಿತು. ಧೋಂಡಿಯಾ ಹೊರಬಿದ್ದವನೇ ಮಲೆನಾಡಿನ ದಾರಿ ಹಿಡಿದ. ಗೆದ್ದವರಿಗೆ ಆ ದಿವಸ ಇವನ ನೆನಪು ಯಾಕೆ ಬರಬೇಕು? ಅವರ ಕಣ್ಣೆಲ್ಲ ಟಿಪ್ಪುವಿನ ಖಜಾನೆಯ ಮೇಲಿತ್ತು.

ಟಿಪ್ಪು ಸತ್ತ ಮೇಲೆ ಮೈಸೂರಿನ ಸಾವಿರಾರು ಸವಾರರು, ಸಿಪಾಯಿಗಳು ಒಂದೇ ದಿನದಲ್ಲಿ ಚಾಕರಿ ಕಳೆದುಕೊಂಡರು. ಕುದುರೆ ಇದೆ, ಕತ್ತಿ ಇದೆ, ಧಣಿ ಇಲ್ಲ. ಇಂಥವರು ಧೋಂಡಿಯಾನ ಸುತ್ತ ನೆರೆದರು. ಬಿದನೂರು ಸೀಮೆ, ಶಿಕಾರಿಪುರ, ಹೊನ್ನಾಳಿ ಕಡೆಯ ಠಾಣ್ಯಗಳು ಒಂದೊಂದಾಗಿ ಅವನ ವಶವಾದವು. ಕಂಪನಿ ಎರಡು ದಂಡು ಕಳಿಸಿತು. 1799ರ ಆಗಸ್ಟ್‌ನಲ್ಲಿ ಶಿಕಾರಿಪುರದಲ್ಲಿ ಸೋತು ಧೋಂಡಿಯಾ ಹೊಳಿ ದಾಟಿ ಪೇಶ್ವೆಯ ಸೀಮೆಗೆ ಬಂದ. ಅಲ್ಲಿ ಹಳೆಯ ಹಗೆ ಗೋಖಲೆ ಕಾಯುತ್ತಲೇ ಇದ್ದ. ಅವನ ಆನೆ, ಒಂಟೆ, ತೋಪುಗಳನ್ನು ಕಸಿದುಕೊಂಡ. ಮುಗಿಯಿತು ಇವನ ಕಥೆ ಎಂದು ಎಲ್ಲರೂ ತಿಳಿದರು. ಧೋಂಡಿಯಾ ಕೆಲವು ದಿನ ಕೊಲ್ಹಾಪುರದವರ ಚಾಕರಿ ಮಾಡಿ, ಚಳಿಗಾಲ ಕಳೆಯುವಷ್ಟರಲ್ಲಿ ಮೊದಲಿಗಿಂತ ದೊಡ್ಡ ದಂಡು ಕಟ್ಟಿದ. ಕೊಲ್ಹಾಪುರದವರಿಗೂ ಪಟವರ್ಧನರಿಗೂ ಆಗ ಕಡುಹಗೆ. 1799ರಲ್ಲೇ ಪರಶುರಾಮಭಾವು ಪಟವರ್ಧನ ಕೊಲ್ಹಾಪುರದವರೊಡನೆ ಕಾದಾಡುತ್ತ ಬಿದ್ದಿದ್ದ. ಸಾಂಗಲಿ, ಮಿರಜ, ಜಮಖಂಡಿಯ ಈ ಪಟವರ್ಧನರ ಹೆಸರು ನಮ್ಮ ಕಡೆಯವರಿಗೆ ಗೊತ್ತಿದ್ದದ್ದೇ. ಪುಣೆಯಲ್ಲಿ ಬಾಜೀರಾಯನಿಗೆ ತನ್ನ ಸರದಾರರ ಮೇಲೇ ವಿಶ್ವಾಸ ಇದ್ದಿಲ್ಲ. ಇಂಥ ಹೊತ್ತಿನಲ್ಲಿ ಕೃಷ್ಣೆ ತುಂಗಭದ್ರೆಯರ ನಡುವಿನ ನೆಲಕ್ಕೆ ಹೇಳುವವರು ಕೇಳುವವರು ಯಾರಿದ್ದರು? 1800ರ ಬೇಸಿಗೆಗೆ ಗದಗ, ಡಂಬಳ, ಕುಂದಗೋಳ, ರಾಣೆಬೆನ್ನೂರು ಎಲ್ಲ ಧೋಂಡಿಯಾನ ಠಾಣ್ಯಗಳಾದವು. ಅವನು ತನಗೆ ತಾನೇ ಉಭಯಲೋಕಾಧೀಶ್ವರ ಎಂಬ ಬಿರುದು ಇಟ್ಟುಕೊಂಡ. ಭೂಲೋಕ ಪರಲೋಕ ಎರಡಕ್ಕೂ ಒಡೆಯ! ಚನ್ನಗಿರಿಯ ಸಾದಾ ಸವಾರನಿಗೆ ಇದು ಬಹಳಾತು ಅನ್ನಿಸಿದರೂ, ಆ ಬೇಸಿಗೆಯಲ್ಲಿ ಅವನನ್ನು ನೋಡಿ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಈಗ ಎದುರಾಳಿಯ ಮಾತು. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ನೇ ಇಸವಿಯ ಕಡೆಯ ದಿನ, ಲಂಡನ್ನಿನಲ್ಲಿ. ಮೆಣಸು, ಅರಿವೆ ವ್ಯಾಪಾರಕ್ಕೆ ಹುಟ್ಟಿದ ಈ ಕಂಪನಿ ಇನ್ನೂರು ವರ್ಷಗಳಲ್ಲಿ ಬಂಗಾಲದ ಕಂದಾಯ ಎತ್ತುವ, ಸ್ವಂತ ದಂಡು ಸಾಕುವ ಧನಾಢ್ಯ ಸಂಸ್ಥೆ ಆಗಿತ್ತು. ಅದರ ಆಡಳಿತ ಮಂಡಳಿಯಲ್ಲಿ 24 ಮಂದಿ ನಿರ್ದೇಶಕರು. ಶೇರುದಾರರ ಸಭೆಯೂ ಇತ್ತು, ಮತದಾನವೂ ಇತ್ತು. ಆದರೆ ಮತ ಮನುಷ್ಯನಿಗಲ್ಲ, ರೊಕ್ಕಕ್ಕೆ. 1773ರ ಕಾಯಿದೆಯಂತೆ 1,000 ಪೌಂಡಿನ ಶೇರು ಇದ್ದವನಿಗೆ ಒಂದು ಮತ, 3,000 ಇದ್ದವನಿಗೆ ಎರಡು, 6,000 ಇದ್ದವನಿಗೆ ಮೂರು, 10,000 ಇದ್ದವನಿಗೆ ನಾಲ್ಕು. ಸಾವಿರಕ್ಕಿಂತ ಕಡಿಮೆ ಇದ್ದವನಿಗೆ ಮತವೇ ಇಲ್ಲ. ಒಬ್ಬ ಸಭಾಸದ, ಒಂದು ಮತ ಎಂಬುದು ನಮ್ಮ ಸಂಘಗಳ ಪದ್ಧತಿ. ನೂರು ರೂಪಾಯಿ ಶೇರಿನವನೂ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಅಢಾವೆ ಪತ್ರಿಕೆಯ ಬಗ್ಗೆ ಕೇಳಬಹುದು. ಅಲ್ಲಿ ಹಾಗಲ್ಲ. 1793ರಿಂದ ಶೇರುದಾರರಿಗೆ ನೂರಕ್ಕೆ ಹತ್ತೂವರೆಯಂತೆ ಲಾಭಾಂಶ ನಿಗದಿಯಾಗಿತ್ತು. ಗದಗಿನ ಹೊಲದಲ್ಲಿ ಬೆಳೆ ಬರಲಿ ಬಿಡಲಿ, ಹತ್ತೂವರೆ ಮುಟ್ಟಲೇಬೇಕು.

ಈ ಕಂಪನಿಗೆ ದಂಡು ಸಾಕುವುದೂ ಒಂದು ಖರ್ಚಿನ ಬಾಬು. ಸಾಲ ತೆಗೆದಾದರೂ ಸಿಪಾಯಿಯ ತಿಂಗಳ ಪಗಾರ ತಿಂಗಳಿಗೆ ಹಂಚುತ್ತಿತ್ತು. ದೇಶೀ ರಾಜರ ದಂಡಿನಲ್ಲಿ ಕಾಣದ ಸಂಗತಿ ಇದು. ನಮ್ಮವರೇ ಹುಡುಗರು ಕೆಂಪು ಅಂಗಿ ತೊಟ್ಟು ಅವರ ಸಾಲಿನಲ್ಲಿ ನಿಂತದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಆಗ ಗವರ್ನರ್ ಜನರಲ್ ಆಗಿದ್ದವನು ರಿಚರ್ಡ್ ವೆಲ್ಲೆಸ್ಲಿ. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ ಶ್ರೀರಂಗಪಟ್ಟಣದಲ್ಲಿ ಠಾಣ್ಯದ ಅಧಿಕಾರಿ, 31 ವರ್ಷದ ಕರ್ನಲ್. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ, 1828ರಲ್ಲಿ ಇಂಗ್ಲೆಂಡಿನ ಪ್ರಧಾನಿಯೂ ಆದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. 1800ರ ಮೇ ತಿಂಗಳಲ್ಲಿ ಅವನಿಗೆ ಬಟೇವಿಯಾ ಮೇಲೆ ಹೋಗುವ ದಂಡಿನ ಮುಖಂಡತ್ವ ಒದಗಿ ಬಂದಿತ್ತು. ಡಚ್ಚರ ಆ ಬಂದರಿನಲ್ಲಿ ಲೂಟಿಯ ಪಾಲು ಬಹಳ ದೊಡ್ಡದು ಸಿಗುತ್ತಿತ್ತು. ಅದನ್ನು ಬಿಟ್ಟು ಅವನು ಧೋಂಡಿಯಾನ ಬೆನ್ನು ಹತ್ತಲು ಇಲ್ಲೇ ಉಳಿದ. ಧೋಂಡಿಯಾ ಎಂಥ ಗಂಡಾಂತರ ಎಂಬುದನ್ನು ಕಂಪನಿಯವರು ಸರಿಯಾಗಿ ಅಳೆದಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವೆಲ್ಲೆಸ್ಲಿ ಹೊರಟದ್ದು ಮಳೆಗಾಲದಲ್ಲಿ. ನಮ್ಮ ಹಿರಿಯರು ದಂಡು ಹೂಡುತ್ತಿದ್ದದ್ದು ದಸರೆಯ ನಂತರ, ಹೊಳಿ ಇಳಿದ ಮೇಲೆ. ಇವನು ಬೇಕಂತಲೇ ಉಲ್ಟಾ ಮಾಡಿದ. ಸವಾರರ ದಂಡಿಗೆ ತುಂಬಿದ ಹೊಳಿ ಅಂದರೆ ಗೋಡೆ; ದಾಟುವುದಾಗದು, ಓಡುವುದಾಗದು. ತನ್ನ ದಂಡಿಗೆ ಮಾತ್ರ ಬುಟ್ಟಿಯಂತೆ ಹೆಣೆದು ತೊಗಲು ಹೊದಿಸಿದ ಹರಿಗೋಲುಗಳನ್ನು ಸಿದ್ಧ ಮಾಡಿಸಿಕೊಂಡ. ಈ ಹರಿಗೋಲು ನಮ್ಮ ಹೊಳಿ ದಂಡೆಯ ಅಂಬಿಗರದೇ ವಿದ್ಯೆ. ಇನ್ನು ಕಾಳು ಕಡಿ. ಮೈಸೂರಿನ ದಿವಾನ ಪೂರ್ಣಯ್ಯ ಹಿಂದೆ ನಿಂತು ಸಾಮಗ್ರಿ ಒದಗಿಸಿದ. ಲಂಬಾಣಿಗರ ಎತ್ತಿನ ಹೇರುಗಳಲ್ಲಿ ಅಕ್ಕಿ, ಜೋಳ ದಂಡಿನ ಹಿಂದೆ ಬಂತು. ನಮ್ಮ ಜಿಲ್ಲೆಯ ತಾಂಡಾಗಳ ಹಿರಿಯರು ಮೊಗಲರ ಕಾಲದಿಂದಲೂ ಇದೇ ಸಾಗಣೆ ಕೆಲಸ ಮಾಡಿಕೊಂಡು ಬಂದವರು. ಹಣ ಕೊಟ್ಟವರ ದಂಡಿಗೆ ಕಾಳು, ಅಷ್ಟೇ ಅವರ ಧರ್ಮ. ಕಂಪನಿ ರೋಖ ಕೊಡುತ್ತಿತ್ತು. ಧೋಂಡಿಯಾ ಊರು ಹೊಕ್ಕು ಎತ್ತಿಕೊಳ್ಳುತ್ತಿದ್ದ. ಈ ಒಂದು ವ್ಯತ್ಯಾಸದಲ್ಲೇ ಅರ್ಧ ಯುದ್ಧ ಮುಗಿದಿತ್ತು ಎನ್ನುವುದು ನಮ್ಮ ಅಭಿಪ್ರಾಯ.

1800ರ ಜೂನ್ 24ರ ಸುಮಾರಿಗೆ ಹರಿಹರದ ಹತ್ತಿರ ದಂಡು ತುಂಗಭದ್ರೆ ದಾಟಿತು. ಮೂರು ದಿನದಲ್ಲಿ ರಾಣೆಬೆನ್ನೂರು ಕೋಟೆ ಬಿತ್ತು, ಒಳಗಿದ್ದವರಲ್ಲಿ ಬಹಳ ಮಂದಿ ಸತ್ತರು. ಅಷ್ಟರಲ್ಲಿ ವರದಾ ಹೊಳಿ ತುಂಬಿ ಬಂದು ದಂಡು ತಡೆದು ನಿಂತಿತು. ಆ ಸಂದಿನಲ್ಲೇ ಧೋಂಡಿಯಾ ತನ್ನ ಹಳೆಯ ಹಗೆ ತೀರಿಸಿಕೊಂಡ. ಜೂನ್ 30ರಂದು ಕಿತ್ತೂರಿನ ಹತ್ತಿರ ಧೋಂಡೋಪಂತ ಗೋಖಲೆಯ ದಂಡಿನ ಮೇಲೆ ಬಿದ್ದು ಅವನನ್ನು ಕೊಂದೇಬಿಟ್ಟ. ಸಾಂಗಲಿಯ ಚಿಂತಾಮಣರಾವ ಪಟವರ್ಧನ ಗಾಯಗೊಂಡು ಪಾರಾದ. ಗೋಖಲೆಯ ರಕ್ತದಲ್ಲಿ ಮೀಸೆ ತೋಯಿಸುತ್ತೇನೆಂದು ಧೋಂಡಿಯಾ ಹರಕೆ ಹೊತ್ತಿದ್ದನೆಂದೂ, ಅದನ್ನು ಹಾಗೆಯೇ ತೀರಿಸಿದನೆಂದೂ ಆ ಕಡೆ ಹೇಳುತ್ತ ಬಂದಿದ್ದಾರೆ. ಆಗ ಕಿತ್ತೂರಿನಲ್ಲಿ ಆಳುತ್ತಿದ್ದವನು ಮಲ್ಲಸರ್ಜ ದೇಸಾಯಿ, ರಾಣಿ ಚೆನ್ನಮ್ಮನ ಪತಿ. ಅಂಥ ಸಂಸ್ಥಾನಿಕರ ಗತಿ ನೋಡ್ರಿ: ಒಂದು ಕಡೆ ಪೇಶ್ವೆಯ ಸರದಾರ, ಒಂದು ಕಡೆ ಲೂಟಿಯ ಸವಾರ, ಹಿಂದಿನಿಂದ ಕಂಪನಿಯ ಪಲ್ಟಣು. ಯಾರಿಗೆ ಕೈ ಮುಗಿದರೂ ಇನ್ನಿಬ್ಬರ ಸಿಟ್ಟು.

ಜುಲೈ 12ಕ್ಕೆ ವೆಲ್ಲೆಸ್ಲಿ ಸವಣೂರು ಮುಟ್ಟಿದ. 14ಕ್ಕೆ ಕುಂದಗೋಳ, 26ಕ್ಕೆ ಡಂಬಳ ಕೋಟೆ ಏಣಿ ಹಾಕಿ ಹಿಡಿದ. ಗದಗ ತಾನಾಗಿಯೇ ತೆರವಾಯಿತು. ಒಂದೊಂದು ಕೋಟೆ ಹೋದಂತೆ ಧೋಂಡಿಯಾನ ಕಡೆಯ ಬಿಡಾಡಿ ಸವಾರರು ಹತ್ತು, ನೂರು ಎಂದು ಕಳಚಿಕೊಳ್ಳುತ್ತಿದ್ದರು. ಅವರಿಗೆ ಪಗಾರದ ಪಟ್ಟಿಯಿಲ್ಲ, ಪ್ರಮಾಣವಿಲ್ಲ. ಗೆಲ್ಲುವ ತನಕ ಜಾತ್ರೆ, ಸೋತರೆ ಖಾಲಿ ಬಯಲು.

ಜುಲೈ 30ರಂದು ಆದದ್ದೇ ಅವನ ನಿಜವಾದ ಸೋಲು ಎಂದು ನಾವು ತಿಳಿಯುತ್ತೇವೆ, ಅವನು ಸತ್ತ ದಿನದ್ದಲ್ಲ. ಮಲಪ್ರಭೆಯ ದಂಡೆಗೆ, ಮನೋಳಿಯ ಎದುರು, ಅವನ ಸಾಮಾನು ಸರಂಜಾಮಿನ ಬಿಡಾರ ಇಳಿದಿತ್ತು. ಹೊಳಿ ತುಂಬಿತ್ತು. ತೋಪುಗಳನ್ನು ಆಚೆ ದಂಡೆಗೆ ಸಾಗಿಸಿ ಆಗಿತ್ತು, ಎತ್ತು, ಒಂಟೆ, ಆನೆ, ಹೇರು, ಹೆಂಗಸರು ಮಕ್ಕಳು ಇನ್ನೂ ಈಚೆಗೇ. ವೆಲ್ಲೆಸ್ಲಿ ಒಂದೇ ದಿನ 26 ಮೈಲು ನಡೆದು ಮಧ್ಯಾಹ್ನ ಕಳೆದ ಮೇಲೆ ಬಿಡಾರದ ಮೇಲೆ ಬಿದ್ದ. ತಪ್ಪಿಸಿಕೊಳ್ಳಲು ದಾರಿ ಇದ್ದಿಲ್ಲ. ಕತ್ತಿಗೆ ಸಿಕ್ಕವರು ಕತ್ತಿಗೆ, ಉಳಿದವರು ಹೊಳಿಗೆ. ಸಾವಿರಗಟ್ಟಲೆ ಜನ ಮಲಪ್ರಭೆಯಲ್ಲಿ ಕೊಚ್ಚಿ ಹೋದರು. ಕಂಪನಿಯ ಸೈನಿಕರು ಕೆಲವರು ಈಜಿ ಆಚೆ ದಂಡೆಯಿಂದ ದೋಣಿ ತಂದು ತೋಪುಗಳನ್ನೂ ಹಿಡಿದರು. ಧೋಂಡಿಯಾ ಅಲ್ಲಿರಲಿಲ್ಲ. ಅವನ ಹೊಟ್ಟೆ ಮಾತ್ರ ಅಲ್ಲಿತ್ತು. ಕಾಳಿನ ಎತ್ತು ಹೋದ ಮೇಲೆ ದಂಡು ಎಷ್ಟು ದಿನ ನಡೆದೀತು?

ಆ ಬಿಡಾರದಲ್ಲಿ ಇದ್ದವರೆಲ್ಲ ಕಾದಾಡುವವರಲ್ಲ ಎಂಬುದನ್ನು ಇಂಗ್ಲಿಷರ ಯುದ್ಧದ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿ ಹೋಗುತ್ತವೆ. ದಂಡಿನ ಹಿಂದೆ ಬಜಾರ ಇರುತ್ತಿತ್ತು. ಹಿಟ್ಟು ಮಾರುವವರು, ಕುದುರೆಗೆ ಲಾಳ ಬಡಿಯುವವರು, ಹುಲ್ಲು ಕೊಯ್ಯುವವರು, ಅವರ ಹೆಂಡಿರು ಮಕ್ಕಳು. ಮಲಪ್ರಭೆಯಲ್ಲಿ ಹೋದವರ ಹೆಸರು ಯಾವ ಕಡತದಲ್ಲೂ ಇಲ್ಲ. ಹಾಗೆಯೇ ಆ ಮುಂಗಾರಿನಲ್ಲಿ ನರಗುಂದ, ಸವದತ್ತಿ, ರೋಣದ ಕಡೆ ಬಿತ್ತಿದ ಒಕ್ಕಲಿಗರ ಲೆಕ್ಕವೂ ಇಲ್ಲ. ಆಷಾಢ ಶ್ರಾವಣ ಅಂದರೆ ಪೈರು ಮೊಳಕಾಲೆತ್ತರ ನಿಲ್ಲುವ ಹೊತ್ತು. ಒಂದು ಕುದುರೆ ದಂಡು ಒಂದು ರಾತ್ರಿ ಇಳಿದರೆ ಆ ಹೊಲ ಆ ವರ್ಷ ಹೋದಂತೆಯೇ. ಧೋಂಡಿಯಾನ ಕುದುರೆ ತಿಂದಿತೋ, ಗೋಖಲೆಯ ಕುದುರೆ ತಿಂದಿತೋ, ಕಂಪನಿಯ ಕುದುರೆ ತಿಂದಿತೋ, ಪೈರಿಗೆ ಎಲ್ಲ ಒಂದೇ. ಬೆಳೆ ಹೋದ ಒಕ್ಕಲಿಗ ಕಂದಾಯಕ್ಕೆ, ಬೀಜಕ್ಕೆ ಸಾಹುಕಾರನ ಮುಂದೆ ಕೈಚಾಚಬೇಕು. ಆ ಸಾಲ ಮಗನಿಗೆ, ಮೊಮ್ಮಗನಿಗೆ ಇಳಿಯುತ್ತಿತ್ತು. 1905ರಲ್ಲಿ ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದು ಸುಮ್ಮನೆ ಅಲ್ಲ. ಆ ನೆಲಕ್ಕೆ ಸಾಲದ ಅನುಭವ ಬಹಳ ಹಳೆಯದು.

ಒಬ್ಬ ಧನಿಕನ ವ್ಯಾಪಾರಕ್ಕೂ ಒಬ್ಬ ಭಾಡಿಗೆ ದಂಡಾಳಿನ ಸಾಹಸಕ್ಕೂ ಬೀಳುವ ಇಂಥ ಜಗಳ ಬೇರೆ ದೇಶಗಳಲ್ಲೂ ಆಗಿದೆ. ಐವತ್ತೈದು ವರ್ಷಗಳ ನಂತರ ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಇದೇ ಆಟ ನಡೆಯಿತು. ವಿಲಿಯಂ ವಾಕರ್ ಎಂಬ ಅಮೆರಿಕದವನು 1855ರಲ್ಲಿ ಕೆಲವೇ ಬಂದೂಕುಗಾರರೊಡನೆ ಅಲ್ಲಿಗೆ ಹೋಗಿ, ಮರುವರ್ಷ ಆ ದೇಶದ ಅಧ್ಯಕ್ಷನೇ ಆಗಿ ಕೂತ. ಕೂತವನು ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಎಂಬ ಹಡಗಿನ ಸಾಹುಕಾರನ ಸಾಗಾಟ ಕಂಪನಿಯ ಪರವಾನಗಿ ರದ್ದು ಮಾಡಿ, ಹಡಗುಗಳನ್ನು ಕಸಿದ. ಆ ಸಾಹುಕಾರ ಅಮೆರಿಕದಲ್ಲೇ ಕೂತು ನೆರೆಯ ಕೋಸ್ಟಾರಿಕಾದವರಿಗೆ ರೊಕ್ಕ, ಹತಾರು, ಆಳು ಕೊಟ್ಟು, ಸಾನ್ ಹುವಾನ್ ನದಿಯ ಉಗಿದೋಣಿಗಳನ್ನೆಲ್ಲ ಹಿಡಿಸಿದ. ವಾಕರನಿಗೆ ಜನ, ಮದ್ದುಗುಂಡು ಬರುವ ದಾರಿ ಕಟ್ಟಾಯಿತು. 1857ರ ಮೇ 1ಕ್ಕೆ ಶರಣಾದ, 1860ರಲ್ಲಿ ಹೊಂಡುರಾಸಿನಲ್ಲಿ ಗುಂಡಿಗೆ ಬಿದ್ದ. ಅಲ್ಲಿ ಉಗಿದೋಣಿ, ಇಲ್ಲಿ ಹೇರಿನ ಎತ್ತು. ಎರಡೂ ಕಡೆ ಹೊಳಿ ದಂಡೆಯಲ್ಲೇ ತೀರ್ಮಾನ ಆಯಿತು ಎಂಬುದು ನಮಗೆ ಸೋಜಿಗ ಎನಿಸುತ್ತದೆ.

ಮನೋಳಿಯ ಸೋಲಿನ ನಂತರ ಧೋಂಡಿಯಾ ಹಿಡಿತಕ್ಕೆ ಸಿಗದೆ ಆಗಸ್ಟ್ ಪೂರ್ತಿ ಓಡಾಡಿದ. ಕಿತ್ತೂರಿನ ಪಶ್ಚಿಮದ ಕಾಡುಗಳ ಮೂಲಕ ಮಲಪ್ರಭೆ ಹುಟ್ಟುವ ಕಡೆ ಸುತ್ತಿ ಬಂದು, ವೆಲ್ಲೆಸ್ಲಿಯ ಕಣ್ಣು ತಪ್ಪಿಸಿ ಪೂರ್ವಕ್ಕೆ ಹೊರಳಿದ. ಅವನ ಕೊಲೆಗೆ ಗುಟ್ಟಾಗಿ ಜನ ಇಡಬಹುದೆಂಬ ಸಲಹೆ ಬಂದಾಗ ವೆಲ್ಲೆಸ್ಲಿ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಮಾನದ ಮಾತೋ, ದಂಡಿನ ಮೇಲಿನ ಭರವಸೆಯೋ, ಎರಡೂ ಇದ್ದೀತು. ಸೆಪ್ಟೆಂಬರ್ ಮೊದಲ ವಾರ ಮಲಪ್ರಭೆ ಸ್ವಲ್ಪ ಇಳಿಯಿತು. ಬಾದಾಮಿ ಹತ್ತಿರದ ಜಾಲಿಹಾಳದಲ್ಲಿ ವೆಲ್ಲೆಸ್ಲಿ ಹೊಳಿ ದಾಟಿ, ಹನಮಸಾಗರದ ಮೇಲೆ ನಿಜಾಮನ ಸೀಮೆ ಹೊಕ್ಕ. ಇನ್ನೊಂದು ದಂಡು ಕರ್ನಲ್ ಸ್ಟೀವನ್ಸನ್ ಕೈಯಲ್ಲಿ ಬೇರೆ ದಾರಿಯಿಂದ ಬರುತ್ತಿತ್ತು. ಕೃಷ್ಣೆಯ ಕಡೆ ಸರಿಯುತ್ತಿದ್ದ ಧೋಂಡಿಯಾ ಸ್ಟೀವನ್ಸನ್ನನ ದಂಡನ್ನು ಕಂಡು ಹಿಂದಕ್ಕೆ ತಿರುಗಿದ. ತಿರುಗಿದ್ದು ನೇರ ವೆಲ್ಲೆಸ್ಲಿಯ ಬಾಯಿಗೆ.

1800ರ ಸೆಪ್ಟೆಂಬರ್ 10, ರಾಯಚೂರು ಸೀಮೆಯ ಕೋಣಗಲ್ಲು. ಬೆಳಗ್ಗೆ ಬಿಡಾರ ಎತ್ತಿ ಹೊರಟಿದ್ದ ಧೋಂಡಿಯಾನಿಗೆ ಎದುರಿಗೆ ಕಂಪನಿಯ ಕುದುರೆ ದಂಡು ಕಂಡಿತು. ಅವನ ಹತ್ತಿರ ಇನ್ನೂ ಸುಮಾರು 5,000 ಸವಾರರಿದ್ದರು. ವೆಲ್ಲೆಸ್ಲಿಯ ಜೋಡಿ ನಾಲ್ಕೇ ರೆಜಿಮೆಂಟು, ಎರಡು ಬಿಳಿಯರವು, ಎರಡು ಮದ್ರಾಸಿನ ದೇಶೀ ಸವಾರರವು. ಕಾಲಾಳು, ತೋಪು ಹಿಂದೆ ಉಳಿದಿದ್ದವು. ಹಿಂದೆ ಕಾಯಲು ಒಂದಿಷ್ಟು ಸಾಲು ನಿಲ್ಲಿಸಿಕೊಳ್ಳುವುದು ರೂಢಿ. ವೆಲ್ಲೆಸ್ಲಿ ನಾಲ್ಕನ್ನೂ ಒಂದೇ ಸಾಲು ಹಚ್ಚಿ, ತಾನೇ ಮುಂದಾಗಿ ಏರಿ ಹೋದ. ಧೋಂಡಿಯಾ ಜಾಗ ಹಿಡಿದು ಗಟ್ಟಿಯಾಗಿಯೇ ನಿಂತ. ಅಂಜಿ ಓಡಿದ ಎಂದು ಅವನ ವೈರಿಗಳೂ ಬರೆದಿಲ್ಲ. ಆದರೆ ಆ ಸಾಲಿನ ಹೊಡೆತಕ್ಕೆ ಅವನ ಸವಾರರು ಮುರಿದರು. ಧೋಂಡಿಯಾ ಅಲ್ಲೇ ಬಿದ್ದ. ಹೆಣಗಳ ನಡುವೆ ಅವನ ಗುರುತು ಹಚ್ಚಿ, ಒಂದು ತೋಪಿನ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು. ಉಭಯಲೋಕಾಧೀಶ್ವರನ ಕಡೆಯ ಮೆರವಣಿಗೆ ಹೀಗಾಯಿತು.

ಇವನನ್ನು ಈಗ ಕೆಲವರು ಸ್ವಾತಂತ್ರ್ಯ ವೀರ ಎಂದು ಬರೆಯುತ್ತಾರೆ. ಹಿಂದಿನ ಇಂಗ್ಲಿಷರು ಕಳ್ಳರ ಮುಖಂಡ ಎಂದು ಬರೆದರು. ನಮಗೆ ಎರಡೂ ಪೂರ್ತಿ ಒಪ್ಪಿಗೆ ಇಲ್ಲ. ಕಂಪನಿಗೆ ತಲೆಬಾಗಲಿಲ್ಲ ಎಂಬುದು ನಿಜ. ಅವನು ಹಿಡಿದ ಊರುಗಳ ರೈತರಿಗೆ ಅದರಿಂದ ಒಂದು ಸೇರು ಕಾಳೂ ಉಳಿಯಲಿಲ್ಲ ಎಂಬುದೂ ನಿಜ. ಇನ್ನೊಂದು ಮಾತನ್ನು ಮರೆಯುವ ಹಾಗಿಲ್ಲ. ಇವನನ್ನು ಹಿಡಿಯುವ ನೆವದಿಂದಲೇ ಕಂಪನಿಯ ದಂಡು ಪೇಶ್ವೆಯ ಕರ್ನಾಟಕ ಸೀಮೆಯಲ್ಲಿ ಮೂರು ತಿಂಗಳು ಅಡ್ಡಾಡಿತು. ಯಾವ ಹೊಳಿ ಎಲ್ಲಿ ದಾಟಬೇಕು, ಯಾವ ದೇಸಾಯಿ ಯಾರಿಗೆ ಆಗದವನು, ಯಾವ ಬಜಾರದಲ್ಲಿ ಎಷ್ಟು ಕಾಳು ಸಿಕ್ಕೀತು ಎಲ್ಲ ಬರೆದುಕೊಂಡಿತು. 1803ರಲ್ಲಿ ಅದೇ ವೆಲ್ಲೆಸ್ಲಿ ಪುಣೆಗೆ ನಡೆದು ಹೋದಾಗ ಅದೇ ತಿಳುವಳಿಕೆ, ಪಟವರ್ಧನರ ಅದೇ ಪರಿಚಯ ಉಪಯೋಗಕ್ಕೆ ಬಂತು. ಅದೇ ವರ್ಷ ಸೆಪ್ಟೆಂಬರ್ 23ರಂದು ಅಸ್ಸಾಯಿಯಲ್ಲಿ ಶಿಂದೆಯ ದಂಡನ್ನು ಮುರಿದ. ಧೋಂಡೋಪಂತನ ಅಣ್ಣನ ಮಗ ಬಾಪು ಗೋಖಲೆ ಚಿಕ್ಕಪ್ಪನ ಸೇಡಿಗಾಗಿ 1800ರಲ್ಲಿ ಕಂಪನಿಯ ಜೋಡಿ ನಿಂತವನು. ಪೇಶ್ವೆಯ ಕಡೆಯ ಸೇನಾಪತಿಯಾಗಿ 1818ರ ಫೆಬ್ರುವರಿ 20ರಂದು ಅದೇ ಕಂಪನಿಯ ಕತ್ತಿಗೆ ಅಷ್ಟಿಯಲ್ಲಿ ಬಿದ್ದ. ಆ ವರ್ಷವೇ ಪೇಶ್ವಾಯಿ ಮುಗಿದು, ನಮ್ಮ ವಿಜಯಪುರ ಸೀಮೆ ಸಾತಾರದ ರಾಜರ ಪಾಲಿಗೆ ಬಂತು. 1848ರಲ್ಲಿ ಅದನ್ನೂ ಕಂಪನಿ ನುಂಗಿತು.

ಕೋಣಗಲ್ಲಿನಲ್ಲಿ ಸಾಮಾನುಗಳ ನಡುವೆ ಧೋಂಡಿಯಾನ ನಾಲ್ಕು ವರ್ಷದ ಮಗ ಸಿಕ್ಕ. ಹೆಸರು ಸಲಾಬತ್ ಖಾನ್. ಹುಡುಗನನ್ನು ವೆಲ್ಲೆಸ್ಲಿಯ ಡೇರೆಗೆ ತಂದರು. ತಂದೆಯನ್ನು ಬೆನ್ನಟ್ಟಿ ಕೊಂದವನೇ ಮಗನನ್ನು ಸಾಕಿದ. 1805ರಲ್ಲಿ ತಾನು ಇಂಗ್ಲೆಂಡಿಗೆ ಮರಳುವಾಗ ಹುಡುಗನ ಪಾಲನೆಗೆಂದು ನಾನೂರು ಪೌಂಡಿನಷ್ಟು ಹಣವನ್ನು ಶ್ರೀರಂಗಪಟ್ಟಣದ ನ್ಯಾಯಾಧಿಕಾರಿಯ ಕೈಯಲ್ಲಿ ಇಟ್ಟು ಹೋದ. ಹುಡುಗ ನೋಡಲು ಚೆಲುವ, ಚುರುಕು ಎಂದು ಬರೆದಿದ್ದಾರೆ. ದೊಡ್ಡವನಾಗಿ ಮೈಸೂರು ಅರಸರ ಚಾಕರಿ ಸೇರಿದ. 1822ರಲ್ಲಿ ಕಾಲರಾ ಬೇನೆ ಬಂದು ತೀರಿಕೊಂಡ.